ಬಾಯಿ ಹೊಲಿದ ಚೀಲಗಳು

ಆ ಮನೆಯಲ್ಲಿ ದುಡ್ಡಿಡಲು ಪೆಟ್ಟಿಗೆ ಇರಲಿಲ್ಲ. ಐದು ಬಟ್ಟೆ ಚೀಲಗಳಿದ್ದವು. ಅಂಗೈಯಗಲದವು. ಟೈಲರಕ್ಕ ಅವನ್ನು ಚೂರುಬಟ್ಟೆಯಲ್ಲಿ ಹೊಲಿದಿದ್ದಳು. ಖಾಕಿಯದು ಬಾಡಿಗೆಗೆ. ಹೂವಿನದು ದಿನಸಿಗೆ. ನೀಲಿ ಚೌಕಳಿಯದು ಮಗಳ ಶಾಲೆಗೆ. ಹಳದಿಯದು ಕರೆಂಟು, ನೀರಿಗೆ. ಬಿಳಿಯದು ಔಷಧಿಗೆ. ಅವಳಿಗೆ ಓದು ಅಷ್ಟಕ್ಕಷ್ಟೇ. ಬಣ್ಣ ಗೊತ್ತಾದರೆ ಸಾಕಿತ್ತು.

ಶನಿವಾರ ಕೂಲಿ ಕೈಗೆ ಬಂದ ಕೂಡಲೇ ಪಾಲು ಮಾಡಿ ಚೀಲಕ್ಕೆ ಹಾಕಿ, ಚೀಲದ ಬಾಯಿಯನ್ನು ಸೂಜಿದಾರದಿಂದ ಹೊಲಿದುಬಿಡುತ್ತಿದ್ದಳು. ದಿನಸಿಯದನ್ನು ಮಾತ್ರ ಬಿಡುತ್ತಿದ್ದಳು, ಅದಕ್ಕೆ ದಿನವೂ ಕೈ ಹಾಕಬೇಕಲ್ಲ. ಉಳಿದದ್ದನ್ನು ತೆಗೆಯಬೇಕೆಂದರೆ ಕತ್ತರಿ ಹುಡುಕಬೇಕು, ಹೊಲಿಗೆ ಬಿಚ್ಚಬೇಕು. ಅಷ್ಟರಲ್ಲಿ ಬುದ್ಧಿ ನೆಟ್ಟಗಾಗುತ್ತದೆ ಎಂಬುದು ಅವಳ ಲೆಕ್ಕ.

ಗಂಡ ಬದುಕಿದ್ದಾಗ ರೇಗಿಸುತ್ತಿದ್ದ. "ನಿನ್ನ ಕೈಗೆ ಸಿಕ್ಕಿದ್ರೆ ನನ್ನ ಬಾಯಿಗೂ ಎರಡು ಹೊಲಿಗೆ ಹಾಕ್ತೀಯ ಬಿಡು."

ಹಾಕಬೇಕಾಗಲಿಲ್ಲ. ಅವನೇ ಬಾಯಿ ಮುಚ್ಚಿಕೊಂಡ. ಬೇರೆಯವರ ವ್ಯಾನು ಓಡಿಸುತ್ತಿದ್ದವನು. ಎಂಟು ತಿಂಗಳ ಹಿಂದೆ ಇಪ್ಪತ್ತೆಂಟನೇ ತಾರೀಕು ಬೆಳಿಗ್ಗೆ ಎದೆ ಉಜ್ಜಿಕೊಳ್ಳುತ್ತ ಕೂತಿದ್ದ. ಬೆವರು ಇಳಿಯುತ್ತಿತ್ತು. ಏನು ಅಂದದ್ದಕ್ಕೆ "ಗ್ಯಾಸು" ಅಂದ. ಆ ತಿಂಗಳು ಮಗಳಿಗೆ ಜ್ವರ ಬಂದು ಬಿಳಿ ಚೀಲ ಬರಿದಾಗಿತ್ತು. ಖಾಕಿ ತುಂಬಿತ್ತು. "ಬಾಡಿಗೆ ದುಡ್ಡು ಮುಟ್ಟಬೇಡ. ಒಂದನೇ ತಾರೀಕು ಕಳೀಲಿ, ಡಾಕ್ಟರ ಹತ್ರ ಹೋಗೋಣ" ಅಂದ. ಅವಳೂ ಹೂಂ ಅಂದಳು. ಮೂರೇ ದಿನ ತಾನೇ ಅಂದುಕೊಂಡಳು.

ಎರಡನೇ ದಿನಕ್ಕೆ ಅವನು ಹೋದ. ಒಂದನೇ ತಾರೀಕು ಬಾಡಿಗೆ ತಪ್ಪಲಿಲ್ಲ.

ಆಮೇಲೆ ಮನೆಯಲ್ಲಿ ಮೂವರು. ಅವಳು, ಏಳನೇ ಕ್ಲಾಸಿನ ಮಗಳು, ಅತ್ತೆ. ಅತ್ತೆಗೆ ಬಿಪಿ. ದಿನಕ್ಕೊಂದು ಮಾತ್ರೆ. ಬಾಯಿ ಮಾತ್ರ ಯಾವ ಮಾತ್ರೆಗೂ ಬಗ್ಗದು.

ಈ ತಿಂಗಳು ಹನ್ನೆರಡನೇ ತಾರೀಕು ಹೊಲಿಗೆ ಮೆಷಿನ್ನಿನ ಮೋಟರು ಸುಟ್ಟಿತು. ಲಾಡ್ಜಿನವರ ನಲವತ್ತು ಪರದೆ ಅಂಚು ಮಡಿಸದೆ ಬಿದ್ದಿದ್ದವು. ಅವನ್ನು ಕೊಡದಿದ್ದರೆ ಕೂಲಿ ಇಲ್ಲ. ರಿಪೇರಿಯವನು ಮೂಸಿ ನೋಡಿ, "ಇದು ಉಳಿಯಲ್ಲಕ್ಕಾ, ಹೊಸದು ಹಾಕಿಸಿ" ಅಂದ. ಅವಳು ಬಿಳಿ ಚೀಲ ಕತ್ತರಿಸಿದಳು. ಒಂದು ಚೀಲದ ದುಡ್ಡನ್ನು ಬೇರೆ ಖರ್ಚಿಗೆ ಸುರಿದದ್ದು ಅದೇ ಮೊದಲು. ಅತ್ತೆಯ ಈ ತಿಂಗಳ ಮಾತ್ರೆ ಒಂದನೇ ತಾರೀಕೇ ತಂದಾಗಿತ್ತು, ಮುಂದಿನದನ್ನು ಮುಂದೆ ನೋಡಿದರಾಯಿತು ಅಂದುಕೊಂಡಳು. ಅತ್ತೆ ಮಂಚದ ಮೇಲಿಂದ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದಾರೆಂದರೆ ಏನೋ ಇದೆ ಅಂತ ಅವಳಿಗೆ ಆವತ್ತೇ ಹೊಳೆಯಬೇಕಿತ್ತು.

ಇಪ್ಪತ್ತೆಂಟರ ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಬಚ್ಚಲ ಕಡೆ ಬಕೆಟ್ಟು ಉರುಳಿದ ಸದ್ದಾಯಿತು. ಟೈಲರಕ್ಕ ಪರದೆ ಬಿಟ್ಟು ಓಡಿದಳು. ಅತ್ತೆ ಬಾಗಿಲ ಬುಡದಲ್ಲಿ ಕುಸಿದು ಕೂತಿದ್ದರು. ಮುಖ ಬೂದಿಯ ಹಾಗೆ. ಕುತ್ತಿಗೆಯಲ್ಲೆಲ್ಲ ಬೆವರು.

"ಏನಾಯ್ತತ್ತೆ?"

"ಏನಿಲ್ಲ. ಗ್ಯಾಸು ಕಣೇ."

ಅದೇ ಮಾತು. ಅದೇ ಬೆವರು. ಅದೇ ಇಪ್ಪತ್ತೆಂಟು. ಒಳಗೆ ಹೋಗಿ ಬಿಳಿ ಚೀಲ ಹಿಡಿದು ನೋಡಿದಳು. ಬರಿದು ಎಂದು ಗೊತ್ತಿದ್ದೂ ನೋಡಿದಳು. ಮೋಟರು ಸುಟ್ಟ ಮೇಲಿನ ಶನಿವಾರಗಳಲ್ಲಿ ಬಂದ ಬಿಡಿ ಹೊಲಿಗೆಯ ಕೂಲಿ ಬಾಡಿಗೆಗೂ ದಿನಸಿಗೂ ಸರಿಹೋಗಿತ್ತು. ಖಾಕಿ ಪಕ್ಕದಲ್ಲೇ ಇತ್ತು, ತುಂಬಿಕೊಂಡು. ಗಂಡನ ಹಳೇ ಪ್ಯಾಂಟಿನ ಬಟ್ಟೆ ಅದು.

ಮಹಡಿಯ ಮೇಲೆ ಮನೆ ಒಡತಿ ಇದ್ದಾಳೆ. ಹೋದ ತಿಂಗಳು ಎರಡು ದಿನ ತಡವಾದದ್ದಕ್ಕೆ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದಳು. "ಇನ್ನೊಂದ್ಸಲ ತಾರೀಕು ದಾಟಿದ್ರೆ ಬೀಗ ಕೊಟ್ಟು ಹೊರಡು. ಬರೋರು ಸಾಲು ನಿಂತಿದ್ದಾರೆ." ಹೊರಡುವುದು ಎಲ್ಲಿಗೆ? ಮೆಷಿನ್ನು ಹೊತ್ತುಕೊಂಡು, ಮಗಳ ಕೈ ಹಿಡಿದುಕೊಂಡು, ಈ ಮುದುಕಿಯನ್ನು ಎಲ್ಲಿ ಕೂರಿಸುವುದು?

ಹೊರಗಿಂದ ಅತ್ತೆ ಕೂಗಿದರು. "ಖಾಕಿ ಮುಟ್ಟಿದ್ರೆ ನೋಡು! ಒಂದನೇ ತಾರೀಕು ಆಗ್ಲಿ."

ಅವಳು ಕತ್ತರಿ ತೆಗೆದುಕೊಂಡಳು. ಹೊಲಿಗೆ ಬಿಡಿಸುತ್ತ ಕೂರಲಿಲ್ಲ, ಒಂದೇ ಸಲ ಕತ್ತರಿಸಿದಳು. ದಾರದ ಜೊತೆ ಬಟ್ಟೆಯೂ ಹರಿಯಿತು.

ಆಟೋದಲ್ಲಿ ಅತ್ತೆ ಸೊಸೆಯ ಭುಜಕ್ಕೆ ಒರಗಿದ್ದರು. ಉಸಿರು ಸಿಕ್ಕಿದಷ್ಟಕ್ಕೆ ಬೈಯುತ್ತಿದ್ದರು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಿನಗೆ ಹೇಳಿಕೊಟ್ಟೋಳು ನಾನು."

"ನಿಮ್ಮ ಕಾಲು ಮೊದಲು ನೆಟ್ಟಗಿರಲಿ ಅತ್ತೆ. ಹಾಸಿಗೆ ಆಮೇಲೆ ನೋಡೋಣ."

"ಬಾಯಿ ಜಾಸ್ತಿ ಆಯ್ತು ನಿಂದು."

ಬೈಗುಳ ನಿಂತಾಗೆಲ್ಲ ಅವಳಿಗೆ ಜೀವ ಹಾರುತ್ತಿತ್ತು. ಅದಕ್ಕೇ ಬೇಕೆಂದು ಎದುರು ಮಾತಾಡಿದಳು.

ಆಸ್ಪತ್ರೆಯಲ್ಲಿ ಮೊದಲು ದುಡ್ಡು ಕಟ್ಟಿ ಅಂದರು. ಕಟ್ಟಿದಳು. ಎದೆಗೆ ವೈರು ಹಚ್ಚಿದರು, ತೋಳಿಗೆ ಪಟ್ಟಿ ಸುತ್ತಿದರು. ಅವಳು ಗೋಡೆಗೆ ಅಂಟಿ ನಿಂತಳು. ಯಾರಾದರೂ ಹೊರಗೆ ಬಂದರೆ ಮುಖ ನೋಡುವುದಕ್ಕೂ ಹೆದರಿಕೆ. ಗಂಡನನ್ನು ಕರೆತಂದಾಗಲೂ ಇಂಥದೇ ಗೋಡೆ. ಆವತ್ತು ಹೊರಗೆ ಬಂದವರು ಅವಳ ಮುಖ ನೋಡಿರಲಿಲ್ಲ.

ಈ ಸಲ ಬಂದ ಡಾಕ್ಟರಮ್ಮ ನೇರವಾಗಿ ನೋಡಿದರು. "ಬಿಪಿ ಸಿಕ್ಕಾಪಟ್ಟೆ ಏರಿದೆ. ಮಾತ್ರೆ ತಗೊಳ್ತಿದ್ದಾರಾ?"

"ದಿನಾ ತಗೊಳ್ತಾರೆ ಮೇಡಂ."

"ಎಲ್ಲಿ, ತೋರಿಸಿ."

ಅತ್ತೆಯ ಕೈಚೀಲದಿಂದ ಮಾತ್ರೆಯ ಹಾಳೆ ತೆಗೆದು ಕೊಟ್ಟಳು. ಡಾಕ್ಟರಮ್ಮ ಎಣಿಸಿದರು. ಮೂವತ್ತರಲ್ಲಿ ಎರಡು ಉಳಿದಿರಬೇಕಿತ್ತು. ಹತ್ತು ಇದ್ದವು.

ಟೈಲರಕ್ಕ ಹಾಳೆ ಇಸಿದುಕೊಂಡು ತಾನೂ ಎಣಿಸಿದಳು. ಒಳಗೆ ಹೋಗಿ ಮಂಚದ ಪಕ್ಕ ನಿಂತಳು. ಅತ್ತೆ ಗೋಡೆಯ ಕಡೆ ತಿರುಗಿದರು.

"ಅರ್ಧರ್ಧ ನುಂಗ್ತಿದ್ದೆ. ಮೋಟರು ಸುಟ್ಟ ಮಾರನೇ ದಿನದಿಂದ. ಬಿಳಿ ಚೀಲ ಬರಿದಾಯ್ತಲ್ಲ. ಇದ್ದದ್ದೇ ಇನ್ನಷ್ಟು ದಿನ ಬರಲಿ ಅಂತ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಖಾಕಿಗೆ ಕೈ ಹಾಕ್ತಿದ್ದೆ."

"ನಿಮ್ಮ ಮಗನೂ ಹೀಗೇ ಮಾಡಿದ್ರು."

ಅತ್ತೆ ಈ ಕಡೆ ತಿರುಗಿದರು. ಆಮೇಲೆ ಅಂದರು. "ನನ್ನ ಹೊಟ್ಟೇಲಿ ಹುಟ್ಟಿದೋನಲ್ವಾ."

ಇಬ್ಬರೂ ಅತ್ತರು. ಹೆಚ್ಚು ಹೊತ್ತೇನಲ್ಲ. ಪಕ್ಕದ ಮಂಚದವರು ನೋಡುತ್ತಿದ್ದರು.

ಒಂದು ದಿನ ಇರಿಸಿಕೊಂಡು ಕಳಿಸಿದರು. ಇನ್ನೊಂದು ದಿನ ಬಿಟ್ಟಿದ್ದರೆ ಕೈಕಾಲು ಬಿದ್ದುಹೋಗುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದರು. ಖಾಕಿಯಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ.

ಅತ್ತೆಯನ್ನು ಮಲಗಿಸಿ ಟೈಲರಕ್ಕ ಮಹಡಿ ಮೆಟ್ಟಿಲು ಹತ್ತಿದಳು. ಹದಿನಾಲ್ಕು ಮೆಟ್ಟಿಲು. ಯಾವಾಗಲೂ ಬಾಡಿಗೆ ಕೈಯಲ್ಲಿ ಹಿಡಿದೇ ಹತ್ತಿದವಳು. ಇವತ್ತು ಹರಿದ ಚೀಲ ಹಿಡಿದಿದ್ದಳು. ಪ್ರತಿ ಮೆಟ್ಟಿಲಿಗೂ ವಾಪಸು ಇಳಿಯೋಣ ಅನ್ನಿಸಿತು.

"ಅಮ್ಮಾ, ಈ ತಿಂಗಳು ಪೂರ್ತಿ ಕೊಡಕ್ಕಾಗಲ್ಲ. ಅತ್ತೆಗೆ ಹುಷಾರಿರಲಿಲ್ಲ. ತಾರೀಕು ದಾಟಿದ ಮೇಲೆ ಹೇಳೋದು ಬೇಡ ಅಂತ ಈಗಲೇ ಬಂದೆ."

ಒಡತಿ ಚೀಲ ನೋಡಿದಳು, ಅವಳನ್ನು ನೋಡಿದಳು. "ಎಲ್ಲರ ಮನೇಲೂ ಒಂದೊಂದು ಇರುತ್ತೆ. ನಾನೇನು ಛತ್ರ ನಡೆಸ್ತಿಲ್ಲ."

"ಹೌದಮ್ಮ."

"ಹತ್ತನೇ ತಾರೀಕು. ಹನ್ನೊಂದು ಅಂದ್ರೆ ಬೀಗ."

ಅವಳು ಇಳಿದು ಬಂದಳು. ಹತ್ತರೊಳಗೆ ಉಳಿದ ಹದಿಮೂರು ಪರದೆ ಮುಗಿಯಬೇಕು. ಅವನ್ನು ಕೊಟ್ಟರೆ ಲಾಡ್ಜಿನವರು ದುಡ್ಡು ಕೊಟ್ಟಾರು. ಕೊಡದಿದ್ದರೆ? ಆ ಯೋಚನೆಗೆ ಅವಳ ಬಳಿ ಚೀಲ ಇರಲಿಲ್ಲ.

ಶನಿವಾರ ಬಿಡಿ ಹೊಲಿಗೆಯಿಂದ ಬಂದಷ್ಟನ್ನೇ ಪಾಲು ಹಾಕಿ ಚೀಲಗಳ ಬಾಯಿ ಹೊಲಿದಳು. ಈ ಸಲ ಬಿಳಿಯದನ್ನೂ ಹೊಲಿಯದೆ ಬಿಟ್ಟಳು. ಒಂದು ಗುಂಡಿ ಹಚ್ಚಿದಳು.

ಅತ್ತೆ ಮಂಚದಿಂದ ನೋಡಿದರು. "ಅದಕ್ಕೇನೇ ಗುಂಡಿ?"

"ಒಂದೇ ಕೈಲಿ ತೆಗೆಯೋಕೆ."

ಬೆಳಿಗ್ಗೆ ಮೆಷಿನ್ನಿಗೆ ಕೂರುವ ಮೊದಲು ಇಡೀ ಮಾತ್ರೆ ಒಂದನ್ನು ಅತ್ತೆಯ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದು ನಿಂತಳು. ನುಂಗಿದ ಮೇಲೂ ಸರಿಯಲಿಲ್ಲ.

"ಬಾಯಿ ತೆಗೀರಿ ಅತ್ತೆ. ನಾಲಗೆ ಎತ್ತಿ."

"ನಾನೇನು ಕಳ್ಳಿಯೇನೇ?"

"ಹೂಂ. ತೆಗೀರಿ."