ಸರಪಳಿ ತಂದ ವರ್ಷ

ಮೊನ್ನೆ ಹೊಸ್ತಿಲ ಬಳಿ ಹಾಕಿದ್ದ ನಾರಿನ ಕಾಲೊರಸು ಮಳೆಗೆ ನೆನೆದು ವಾಸನೆ ಬಿಟ್ಟಿತು. ಸೊಸೆ ಮೂಗು ಮುಚ್ಚಿಕೊಂಡು ಅದನ್ನು ಎಸೆಯಲು ಹೊರಟಳು. ನಾನು ಕಿತ್ತುಕೊಂಡು ಬಗ್ಗಿ ಮೂಸಿದೆ. ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅದು ದ್ವೀಪದಕ್ಕನ ಅಂಗಳದ ವಾಸನೆ...

ಅರವತ್ತರ ದಶಕ ಶುರುವಾಗುವ ಹೊತ್ತು. ಮದುವೆಯಾಗಿ ಬಂದರಿನ ಓಣಿಯ ಬಾಡಿಗೆ ಮನೆಗೆ ಬಂದಿದ್ದೆ. ಪಕ್ಕದಲ್ಲಿ ಬ್ಯಾರಿಗಳ ಮನೆ. ಗಂಡ ತಂಡೇಲರು, ಎಂದರೆ ಹಾಯಿ ಕಟ್ಟಿದ ಮಂಜಿಯನ್ನು ಕಡಲಲ್ಲಿ ನಡೆಸುವವರು. ಹೆಂಡತಿ ಅಮೀನ್‌ದೀವಿ ಕಡೆಯ ದ್ವೀಪದವಳು, ಅದಕ್ಕೇ ನನಗೆ ದ್ವೀಪದಕ್ಕ; ಅಂಗಳದಲ್ಲಿ ತೆಂಗಿನ ನಾರು ನೆನೆಸಿ ಹಗ್ಗ ಹೊಸೆಯುತ್ತಿದ್ದಳು. ಅವಳ ಊರಲ್ಲಿ ಗಂಡನೇ ಹೆಂಡತಿಯ ಮನೆಗೆ ಬಂದುಹೋಗುವುದಂತೆ; ಇವಳೊಬ್ಬಳು ಗಂಡನ ಹಿಂದೆ ಕಡಲು ದಾಟಿ ಬಂದಿದ್ದಳು. ನನ್ನ ತವರು ಕಂಕನಾಡಿ. ಮನೆಯವರ ಮೇಲೆ ಸಿಟ್ಟು ಬಂದರೆ ನಡೆದೇ ಹೋಗಿಬಿಡುತ್ತಿದ್ದೆ. "ನಿನಗೆಂತ ಮಾರಾಯ್ತಿ, ಚಪ್ಪಲಿ ಮೆಟ್ಟಿದರೆ ತವರು" ಎಂದು ಅವಳು ನಗುತ್ತಿದ್ದಳು. ತನ್ನ ತಾಯಿಯ ಮುಖ ನೋಡದೆ ಅವಳಿಗೆ ಎಷ್ಟೋ ವರ್ಷಗಳಾಗಿದ್ದವು.

ಆ ವರ್ಷ ಗಾಳಿಗೆ ಸಿಕ್ಕಿ ಮಂಜಿಯ ಲಂಗರು, ಹಗ್ಗ ಎರಡೂ ಸಮುದ್ರದ ಪಾಲಾದವು. ಮಳೆಗಾಲದಲ್ಲಿ ಮಂಜಿ ದಡದಲ್ಲಿತ್ತು. ತಂಡೇಲರು ಹೊಸ ಲಂಗರಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದರು. ಇತ್ತ ದ್ವೀಪದಕ್ಕನಿಗೆ ಊಟ ಸೇರುತ್ತಿರಲಿಲ್ಲ. ಲಂಗರಿಗೂ ಊಟಕ್ಕೂ ಎಂತ ಸಂಬಂಧ ಎಂದು ಕೇಳಿದೆ.

"ಈ ಕಡೆ ಅಡಿಯಲ್ಲಿ ಕೆಸರು. ಅಗಲ ಕೈಯ ಲಂಗರು, ಉದ್ದ ನಾರಿನ ಹಗ್ಗ ಇದ್ದರೆ ಸಾಕು. ನಮ್ಮಲ್ಲಿ ಹವಳದ ಕಲ್ಲು ಉಂಟಲ್ಲ, ಹಗ್ಗವನ್ನು ಕೊಯ್ದು ಹಾಕ್ತದೆ. ಲಂಗರಿನ ಹತ್ತಿರ ಸರಪಳಿಯೇ ಬೇಕು. ಇವರು ಸರಪಳಿ ತಂದರೆ ನಾನು ಊರಿಗೆ ಹೋಗ್ತೇನೆ. ತರದಿದ್ದರೆ ಇಲ್ಲ."

ಒಂದು ಮಧ್ಯಾಹ್ನ ಕೈಗಾಡಿ ಬಂತು. ಅದರಲ್ಲಿ ಲಂಗರು, ಮೇಲೆ ಹಗ್ಗದ ಸುರುಳಿ. ಅವಳು ಸುರುಳಿಯನ್ನು ಸರಿಸಿ ಅಡಿಯಲ್ಲಿ ಹುಡುಕಿದಳು. ಸರಪಳಿ ಇರಲಿಲ್ಲ. ಅವರ ಬ್ಯಾರಿ ಮಾತು ನನಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಈ ಸಲ ಬೊಂಬಾಯಿಗೆ ಹಂಚು ಸಾಗಿಸುವುದು, ಅಲ್ಲಿಯ ಕೆಸರಿಗೆ ಸರಪಳಿ ಎಂತಕ್ಕೆ ಎಂದರು ತಂಡೇಲರು, ಅವಳ ಮುಖ ನೋಡದೆ. ನನಗೆ ಮೈಯೆಲ್ಲ ಉರಿಯಿತು.

ಅವಳು ಅಳಲಿಲ್ಲ. ಅಂಗಳದಲ್ಲಿ ಕುಳಿತು ಆ ಹಗ್ಗವನ್ನು ಕೈಯಿಂದ ಕೈಗೆ ಸರಿಸುತ್ತಾ ನೋಡಿದಳು. ಒಂದು ಕಡೆ ಹುರಿ ಸಡಿಲವಿತ್ತು. ಬಿಚ್ಚಿ, ನೀರು ಚಿಮುಕಿಸಿ, ಮತ್ತೆ ಬಿಗಿಯಾಗಿ ಹೊಸೆದಳು. "ನಿಮಗೆಂತಕ್ಕೆ ಅಕ್ಕ ಈ ಉಸಾಬರಿ?" ಎಂದು ರೇಗಿದೆ.

"ಇವರು ಇದನ್ನೇ ನಂಬಿ ಮಲಗುವುದಲ್ವಾ" ಎಂದಳು.

ಮರುವರ್ಷ ಸರಪಳಿ ಬಂತು. ಹೊರಡುವ ದಿನ ಅವಳು ನಮ್ಮ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಮಳೆಗೆ ಮೊದಲು ಬಂದೇ ಬರ್ತೇನೆ."

ಮಳೆಗೆ ಮೊದಲು ಮಂಜಿ ಬಂತು. ಓಣಿಯಲ್ಲಿ ತಂಡೇಲರೊಬ್ಬರೇ ನಡೆದು ಬಂದರು. ನಾನು ಕೇಳುವ ಮೊದಲೇ, "ಅವಳು ತಾಯಿಯ ಮನೆಯಲ್ಲೇ ಇರ್ತಾಳಂತೆ" ಎಂದರು. ಆಮೇಲೆ, "ಹೀಗಾಗ್ತದೆ ಅಂತ ನನಗೆ ಗೊತ್ತಿತ್ತು ತಂಗಿ. ಅದಕ್ಕೇ ಸರಪಳಿ ಒಂದು ವರ್ಷ ತಡ ಮಾಡಿದ್ದು" ಎಂದರು. ಅವರನ್ನು ವರ್ಷವಿಡೀ ಮನಸ್ಸಲ್ಲೇ ಬೈದವಳು ನಾನು.

ಆಮೇಲೆ ಅವರು ವರ್ಷವರ್ಷವೂ ಅವಳ ಮನೆಗೆ ಹೋಗಿಬರುತ್ತಿದ್ದರು, ದ್ವೀಪದ ಗಂಡಂದಿರ ಹಾಗೆ. ನಾನು ಯಾವ ನೆಪ ಹೇಳಿ ಹೋಗಲಿ? ಕೆಲವು ವರ್ಷಗಳಲ್ಲಿ ನಾವೂ ಮನೆ ಬದಲಿಸಿ ಬಲ್ಮಠಕ್ಕೆ ಬಂದೆವು. ಸುದ್ದಿ ತರುವವರೂ ಇಲ್ಲವಾದರು...

ಈಗ ಅವಳಿದ್ದಾಳೋ ಇಲ್ಲವೋ. ಹೋದದ್ದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಬರ್ತೇನೆ ಅನ್ನುವಾಗ ಅವಳಿಗೂ ಗೊತ್ತಿತ್ತೇನೋ. ಗೊತ್ತಿದ್ದರೆ ನನಗೆ ಹೇಳಬಹುದಿತ್ತು. ನಾನೇನೂ ತಡೆಯುತ್ತಿರಲಿಲ್ಲ. ಇನ್ನೊಂದಿಷ್ಟು ಹೊತ್ತು ಆ ಕೈ ಬಿಡುತ್ತಿರಲಿಲ್ಲ, ಅಷ್ಟೇ.