ಮೃತ್ಯುಂಜಯ ಕಾಫಿ ಬೇಡ ಅಂದದ್ದು

ಬೆಳಗೋಡಿನ ಕಡೆ ಯಾರ ಮನೆ ಹೊಸಿಲು ದಾಟಿದರೂ ಮೊದಲು ಬರುವುದು ಕಾಫಿ ಲೋಟ, ಮಾತು ಅದರ ಹಿಂದೆ. ಬೇಡ ಅಂದಿರೋ, ಆ ಮನೆಯವರ ಮೇಲೆ ಏನೋ ಮುನಿಸಿದೆ ಅಂತಲೇ ಅರ್ಥ. ಅಲ್ಲಿನ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಮೃತ್ಯುಂಜಯ ಹುಟ್ಟಿದಾಗಿನಿಂದ ಕಾಫಿ ಬೇಡ ಅಂದವನಲ್ಲ. ಒಂದೇ ಒಂದು ಸಲ ಅಂದ. ಅದು ಹೇಗಾಯಿತು ಅಂದರೆ...

ಕಾಫಿಗೆ ಬೆಲೆ ಏರಿ, ತೋಟದಾಳುಗಳ ಲೈನ್ ಮನೆಗಳಿಗೂ ಟೇಪ್ ರೆಕಾರ್ಡರ್ ಬಂದಿದ್ದ ತೊಂಬತ್ತರ ದಶಕ. ಹಗಲೆಲ್ಲ ತೋಟ ಸುತ್ತಿ ಬಂದ ಮೃತ್ಯುಂಜಯ ಸಂಜೆ ಸೋಲ್ಡರಿಂಗ್ ಐರನ್ ಹಿಡಿದು ಕೂತನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಕಾಸಿಗಲ್ಲ, ಖುಷಿಗೆ. ಸತ್ತ ರೇಡಿಯೋಗಳು ಅವನ ಕೈಯಲ್ಲಿ ಕೆಮ್ಮಿ ಕ್ಯಾಕರಿಸಿ ವಾರ್ತೆ ಓದುತ್ತಿದ್ದವು. ಜೊತೆಗೆ ಅವನೂ ಕೆಮ್ಮುತ್ತಿದ್ದ. ಬೆಸುಗೆ ತಂತಿಯೊಳಗಿನ ರಾಳ ಸುಟ್ಟು ಏಳುವ ಹೊಗೆಗೇ ಮೂಗು ಕೊಟ್ಟು ಕೂರುತ್ತಿದ್ದನಲ್ಲ! ಎರಡು ಕೈ ಸಾಲದಾದರೆ, ದರ್ಜಿ ದಾರ ಕಚ್ಚಿದ ಹಾಗೆ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದ.

ಹಾಸನದಲ್ಲಿ ರೇಡಿಯೋ ಸಾಮಾನು ಮಾರುವವನು ಇದನ್ನು ಕೇಳಿ ಹೌಹಾರಿದ. "ಅಯ್ಯೋ ಸಾರ್, ಅದ್ರಾಗೆ ಸೀಸ ಐತೆ! ಹೊಗೆ ಎದೆಗೆ ಕೆಟ್ಟದ್ದು, ಸೀಸ ಬೆರಳಿಂದ ಬಾಯಿಗೆ ಹೋಯ್ತದೆ."

ಆವತ್ತಿನಿಂದ ಮೃತ್ಯುಂಜಯ ಬೇರೆಯೇ ಮನುಷ್ಯ. ಮೇಜು ಕಿಟಕಿಯ ಹತ್ತಿರಕ್ಕೆ ಸರಿಯಿತು. ಟೇಬಲ್ ಫ್ಯಾನು ಹೊಗೆಯನ್ನು ಆಚೆ ಅಟ್ಟತೊಡಗಿತು. ಸಿಡಿಯುವ ಹನಿಗೆ ಕಣ್ಣಿಗೊಂದು ಕನ್ನಡಕ. ಕೆಲಸ ಮುಗಿದರೆ ಮೊಣಕೈವರೆಗೂ ಸೋಪು. ಮೇಜಿನ ಮೇಲೆ ಲೋಟ ಇಡುವಂತಿಲ್ಲ. "ಮೊದ್ಲು ಕೈ, ಆಮೇಲೆ ಲೋಟ" ಅಂತ ಊರಿಗೆಲ್ಲ ಉಪದೇಶ ಬೇರೆ.

"ಮೃತ್ಯುಂಜಯ ಅಂತ ಹೆಸ್ರು ಇಟ್ಕಂಡು ಒಂದೆಳೆ ಹೊಗೆಗೆ ಹೆದರ್ತೀರಲ್ರೀ" ಅಂತ ಹೆಂಡತಿ ಪಂಕಜಾಕ್ಷಿ ಛೇಡಿಸುತ್ತಿದ್ದಳು.

"ಹೆಸ್ರು ನಮ್ಮಪ್ಪ ಇಟ್ಟಿದ್ದು ಕಣೇ. ಎದೆಗೂಡು ನಂದು."

ಒಂದು ದಿನ ಅವಳು ಅಕ್ಕಿ ಆರಿಸುತ್ತ ಕೇಳಿದಳು: "ಅಲ್ರೀ, ಹೋದ ವರ್ಷ ವಿಶಾಲಮ್ಮಾರ ಕಾಫಿ ಫಿಲ್ಟ್ರು ತಳ ತೂತಾಗಿತ್ತಲ್ಲ, ಅದಕ್ಕೆ ನೀವು ಹಚ್ಚಿದ್ದೇನು?"

ಮೃತ್ಯುಂಜಯನ ಮುಖ ಕಪ್ಪಿಟ್ಟಿತು. ಹಚ್ಚಿದ್ದು ಅದೇ ತಂತಿ! ಪಕ್ಕದ ಮನೆಯ ಮುದುಕಿ ವಿಶಾಲಮ್ಮ ದಿನವೂ ಕುಡಿಯುವುದು ಅದರದ್ದೇ ಕಾಫಿ. ಮೊನ್ನೆ ರಜೆಗೆ ಬಂದ ಪುಟ್ಟ ಮೊಮ್ಮಗಳು ಚೈತ್ರಶ್ರೀಯ ಹಾಲಿಗೂ ಅದರದ್ದೇ ಒಂದು ಚಮಚ ಡಿಕಾಕ್ಷನ್.

ಆ ಸಂಜೆಯೇ ಹೋದ. ನಿಜ ಹೇಳಲು ನಾಲಿಗೆ ಏಳಲಿಲ್ಲ; ಊರೆಲ್ಲ ಹೊಗಳಿದ ಕೈಗುಣ ಅದು.

"ದೊಡ್ಡಮ್ಮ, ಆ ಫಿಲ್ಟ್ರು ಕೊಡಿ, ಪಳಪಳ ಅನ್ನಂಗೆ ಉಜ್ಜಿಸ್ಕೊಡ್ತೀನಿ."

"ಹುಣಸೆಹಣ್ಣು ನಮ್ಮನೇಲೂ ಐತೆ ಕಣೋ."

"ಎಸ್ಟೇಟ್ ಬಂಗ್ಲೆಯೋರು ಅಂಥದ್ದೇ ಒಂದು ಮಾಡಿಸ್ಬೇಕಂತೆ, ಮಾದರಿಗೆ..."

"ಬಂದು ನೋಡ್ಕಂಡು ಹೋಗ್ಲಿ. ನಮ್ಮವ್ವ ಧಾರೆಗೆ ಕೊಟ್ಟ ಹಿತ್ತಾಳೆ, ಹೊಸಿಲು ದಾಟಾಕಿಲ್ಲ."

ಮಾತಾಡುತ್ತಲೇ ಒಳಗೆ ಹೋಗಿ ಲೋಟ ತಂದರು. ನೊರೆ, ಘಮ. ಅಭ್ಯಾಸಬಲದಿಂದ ಮೃತ್ಯುಂಜಯನ ಕೈ ಮುಂದೆ ಹೋಯಿತು. ಬೆಂಕಿ ತಾಗಿದಂತೆ ಹಿಂದೆ ಬಂತು.

"ಬೇಡ ದೊಡ್ಡಮ್ಮ."

ಒಲೆ ಮುಂದೆ ಮಲಗಿದ್ದ ಬೆಕ್ಕು ಕೂಡ ತಲೆಯೆತ್ತಿ ನೋಡಿತು.

"ಏನಂದೆ?"

"ಕಾಫಿ ಬೇಡ."

ವಿಶಾಲಮ್ಮನ ಮುಖ ಸಣ್ಣದಾಯಿತು. "ನಮ್ಮನೇಲಿ ಏನು ತಪ್ಪಾಯ್ತಪ್ಪಾ?"

ಇನ್ನು ತಡೆಯಲಾಗಲಿಲ್ಲ. "ತಪ್ಪು ನಿಮ್ದಲ್ಲ, ನಂದು. ಆ ತಳಕ್ಕೆ ಹಾಕಿದ ಬೆಸುಗೇಲಿ ಸೀಸ ಐತೆ. ರೇಡಿಯೋಗಾದ್ರೆ ಸರಿ, ಹೊಟ್ಟೆಗಾಗಲ್ಲ. ಮಕ್ಕಳಿಗಂತೂ ವಿಷ. ಗೊತ್ತಿಲ್ದೆ ಮಾಡ್ಬುಟ್ಟೆ. ನಾಳೆ ನಿಮ್ಮಿಬ್ರನ್ನೂ ಸಕಲೇಶಪುರಕ್ಕೆ ಡಾಕ್ಟ್ರ ತಾವ ನಾನೇ ಕರ್ಕೊಂಡು ಹೋಗ್ತೀನಿ."

ವಿಶಾಲಮ್ಮ ಲೋಟ ನೋಡಿದರು. ಜಗಲಿಯಲ್ಲಿ ಕೂತು ಹಾಲು ಊದುತ್ತಿದ್ದ ಹುಡುಗಿಯನ್ನು ನೋಡಿದರು. ಒಂದೇ ಉಸಿರಿಗೆ ಹೋಗಿ ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡು ಎರಡನ್ನೂ ಚರಂಡಿಗೆ ಸುರಿದರು.

"ಬಯ್ಯಿ ದೊಡ್ಡಮ್ಮ" ಅಂದ ಮೃತ್ಯುಂಜಯ.

"ಬಯ್ದೆ ಬುಡ್ತೀನೇನೋ? ಉಜ್ಜಿಸ್ತಾನಂತೆ, ಮಾದರಿಯಂತೆ! ಮೊದ್ಲೇ ಹೇಳಕ್ಕೇನಾಗಿತ್ತು ದಾಡಿ? ಬೇರೆ ಯಾರೇ ಬಂದು ಹೇಳಿದ್ರೂ ನಂಬ್ತಿರ್ಲಿಲ್ಲ ಕಣೋ. ನೀನು ಕಾಫಿ ಬೇಡ ಅಂದ್ಯಲ್ಲ, ಅದು ವಿಷಾನೇ ಸೈ."

ಫಿಲ್ಟರನ್ನು ಒಂದು ಸಲ ಸೆರಗಿನಿಂದ ಒರೆಸಿ ಅವನ ಕೈಗಿಟ್ಟರು. "ತಗೊಂಡೋಗು, ಮೊಳೆಗಿಳೆ ಹಾಕ್ಕೋ. ನಂಗೊಂದು ಸ್ಟೀಲಿಂದು ತಂದ್ಕೊಡು."

ಆಮೇಲೆ ಪಾತ್ರೆಯಲ್ಲಿ ಬೆಲ್ಲದ ನೀರಿಗೆ ಪುಡಿ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ತಂದರು. ಮೃತ್ಯುಂಜಯ ಆಸೆಯಿಂದ ಕೈ ಚಾಚಿದ. ವಿಶಾಲಮ್ಮ ಲೋಟ ಹಿಂದಕ್ಕೆ ಎಳೆದುಕೊಂಡರು.

"ಮೊದ್ಲು ಕೈ."

ಅವನು ಫಿಲ್ಟರನ್ನು ಜಗಲಿಯ ಮೂಲೆಯಲ್ಲಿಟ್ಟು, ಸೋಪು ಎಲ್ಲಿದೆ ಅಂತ ಕೇಳಿಕೊಂಡು ಬಚ್ಚಲಿಗೆ ನಡೆದ.