ಎಳೆ ಆಲೂಗಡ್ಡೆ ತೆಗೆಯುವ ಹೊತ್ತು

ನನ್ನ ಹೆಂಡತಿ ಹಾಸನದ ಕಡೆಯವಳು. ಅವಳ ಅಪ್ಪ ಬದುಕಿದ್ದಷ್ಟು ಕಾಲವೂ ಆಲೂಗಡ್ಡೆ ಬೆಳೆದವರು. ಮದುವೆಯಾಗಿ ಭದ್ರಾವತಿಗೆ ಬಂದ ದಿನ, ಕಾರ್ಖಾನೆಯಿಂದ ನನಗೆ ಸಿಕ್ಕಿದ್ದ ಕ್ವಾರ್ಟರ್ಸಿನ ಒಳಗೆ ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಡುಗೆಮನೆಯ ಮೇಲೊಮ್ಮೆ ಕಣ್ಣಾಡಿಸಿ ಹಿಂಬಾಗಿಲು ತೆಗೆದು ಹೊರಗೆ ಹೋದಳು. ಹಿತ್ತಿಲ ತುಂಬ ಪಾರ್ಥೇನಿಯಂ ಬೆಳೆದಿತ್ತು. ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿ ನೋಡಿ, "ಇಷ್ಟು ಜಾಗ ಸುಮ್ನೆ ಬಿಟ್ಟಿದೀರಲ್ರೀ" ಅಂದಳು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ಬೆಳಗಿನ ಸೈರನ್ನಿಗೆ ಎದ್ದು ಹೋಗಿ, ಸಂಜೆ ಸೈಕಲ್ಲು ಹತ್ತಿ ಬರುವ ಬದುಕು. ಆ ವರ್ಷದ ದೀಪಾವಳಿ ಮುಗಿದ ಮೇಲೆ ಅವಳು ತವರಿನಿಂದ ತಂದಿದ್ದ ಬಿತ್ತನೆ ಗಡ್ಡೆಗಳನ್ನು ಮೊಳಕೆಯ ಕಣ್ಣಿಗೊಂದರಂತೆ ಹೋಳು ಮಾಡಿ, ಬೂದಿಯಲ್ಲಿ ಹೊರಳಿಸಿ, ಸಾಲು ಹಿಡಿದು ನೆಟ್ಟಳು. ಗಿಡ ಮೇಲೆದ್ದಂತೆಲ್ಲ ಎರಡೂ ಕಡೆಯಿಂದ ಬುಡಕ್ಕೆ ಮಣ್ಣು ಏರಿಸಿದಳು. ಸಂಕ್ರಾಂತಿಯ ಹೊತ್ತಿಗೆ ಬಿಳಿ ಹೂವು ಬಂತು. ಅವಳು ನೀರು ತರಲು ಹೋಗಿದ್ದಾಗ ನಾನು ಉತ್ಸಾಹದಿಂದ ಒಂದು ಗಿಡವನ್ನು ಬುಡಸಮೇತ ಕಿತ್ತೆ. ಬೇರಿನಲ್ಲಿ ಗೋಲಿಯಷ್ಟು ದಪ್ಪದ ಗಡ್ಡೆಗಳು ಜೋತಾಡುತ್ತಿದ್ದವು.

"ಹೂವು ಬಂದ ತಕ್ಷಣ ಕೀಳೋಕೆ ಇದೇನು ಸೇವಂತಿಗೆನಾ ಮಾರಾಯ್ರೇ?" ಅಂದು ಅವಳು ಕೊಡ ಇಳಿಸಿದಳು. ನನ್ನ ಮುಖ ನೋಡಿ ನಗು ತಡೆಯಲಾಗದೆ ಅಲ್ಲೇ ಕೂತಳು.

ಹೂವು ಬರುವುದು ಕೆಳಗೆ ಗಡ್ಡೆ ಕಟ್ಟುತ್ತಿದೆ ಎಂಬ ಸುದ್ದಿ ಮಾತ್ರ, ಕೀಳಲು ಅಪ್ಪಣೆಯಲ್ಲ ಎಂದು ಅವಳು ಹೇಳಿಕೊಟ್ಟಳು. ಹೂವೆಲ್ಲ ಉದುರಿ, ಬುಡದ ಒಂದೆರಡು ಎಲೆ ಹಳದಿಗೆ ತಿರುಗುವವರೆಗೆ ಕಾಯಬೇಕು. ಆಗಲೂ ಗಿಡ ಕೀಳುವಂತಿಲ್ಲ. ಒಣ ದಿನ ನೋಡಿ, ಏರಿಸಿದ ಮಣ್ಣಿನ ಪಕ್ಕಕ್ಕೆ ಮೆಲ್ಲಗೆ ಕೈ ತೂರಿಸಿ ಬೆರಳಿನಲ್ಲಿ ತಡಕಬೇಕು. ನಿಂಬೆಹಣ್ಣಿನಷ್ಟಾದದ್ದು ಸಿಕ್ಕರೆ ತಿರುಚಿ ಬಿಡಿಸಿಕೊಂಡು, ಚಿಕ್ಕದನ್ನು ಹಾಗೇ ಬಿಟ್ಟು, ಮಣ್ಣು ಮುಚ್ಚಬೇಕು. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಈರುಳ್ಳಿಯ ಪೊರೆಯಂತೆ ಜಾರಬೇಕು. ಅದು ಎಳೆಯದು, ಅವತ್ತೇ ತಿನ್ನಬೇಕು, ಇಡಲು ಬರುವುದಿಲ್ಲ. ಕೂಡಿಡುವುದಕ್ಕೆ ಬೇಕಾದರೆ ಗಿಡ ಪೂರ್ತಿ ಒಣಗಿ ಮಲಗಬೇಕು, ನೀರು ನಿಲ್ಲಿಸಿ ಸಿಪ್ಪೆ ಬಲಿಯಲು ಬಿಡಬೇಕು.

ಆಮೇಲೆ ಪ್ರತಿ ವರ್ಷ ಮಾಘದ ಬಿಸಿಲಲ್ಲಿ ನಮ್ಮ ಮನೆಯಲ್ಲಿ ಅದೊಂದು ಹಬ್ಬ. ಎಳೆ ಗಡ್ಡೆಯನ್ನು ಸಿಪ್ಪೆಸಮೇತ ಉಪ್ಪುನೀರಲ್ಲಿ ಬೇಯಿಸಿ, ಬೆಣ್ಣೆ ಹಾಕಿ ಜೀರಿಗೆಯ ಒಗ್ಗರಣೆ ಕೊಡುತ್ತಿದ್ದಳು. ಒಂದು ಬಟ್ಟಲು ಪಕ್ಕದ ಮನೆಯ ತಮಿಳು ಅಕ್ಕನಿಗೆ ಹೋಗುತ್ತಿತ್ತು. ಆ ಅಕ್ಕ ಖಾಲಿ ಬಟ್ಟಲಲ್ಲಿ ಮುರುಕು ತುಂಬಿ ಕಳಿಸುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಆ ನೋವು ಮನೆಯಲ್ಲಿ ಇಲ್ಲವೆಂದಲ್ಲ, ಆದರೆ ಹಿತ್ತಿಲಲ್ಲಿ ಇಬ್ಬರೂ ಮೊಣಕಾಲೂರಿ ಕೂತಾಗ ಅದರ ನೆನಪಾಗುತ್ತಿರಲಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವಳ ಕಾಲು ಊದತೊಡಗಿತು. ನಿಂತು ಕೆಲಸ ಮಾಡಿದ್ದಕ್ಕೆ ಅಂದುಕೊಂಡೆವು. ಮುಖವೂ ಊದಿದಾಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಎರಡು ಕಿಡ್ನಿಯೂ ಸೋತಿವೆ ಎಂದರು ಡಾಕ್ಟರು. ಅವಳ ಅಮ್ಮ, ಹಾಸನದಿಂದ ಬಂದವರು, ತಮ್ಮದೊಂದನ್ನು ತೆಗೆದುಕೊಳ್ಳಿ ಎಂದು ಸೆರಗು ಸಿಕ್ಕಿಸಿಕೊಂಡೇ ನಿಂತರು. ಅವರಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ನನ್ನದೂ ಹೊಂದಲಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು.

ಡಾಕ್ಟರು ತಿನ್ನಬಾರದ್ದನ್ನೆಲ್ಲ ಬಾಯಲ್ಲೇ ಹೇಳಿದರು. ಎಳನೀರು, ಬಾಳೆಹಣ್ಣು, ಟೊಮೇಟೊ ಎನ್ನುವವರೆಗೂ ಅವಳು ತಲೆಯಾಡಿಸುತ್ತಿದ್ದಳು. ಆಲೂಗಡ್ಡೆ ಅಂದಾಗ ತಲೆಯೆತ್ತಿದಳು.

"ಅದಕ್ಕೂ ಇದಕ್ಕೂ ಏನು ಸಂಬಂಧ ಸಾರ್?"

"ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುತ್ತಮ್ಮ. ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ರಕ್ತದಲ್ಲಿ ಸೇರ್ಕೊಂಡ್ರೆ ಹೃದಯಕ್ಕೆ ಕಷ್ಟ."

ವಾಪಸು ಬರುವ ಬಸ್ಸು ತುಂಗೆಯ ಸೇತುವೆ ದಾಟಿತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಈ ಸಲ ಬಿತ್ತನೆಗೆ ಅಮ್ಮನಿಗೆ ಹೇಳಿಬಿಟ್ಟಿದೀನಿ. ಬೇಡ ಅನ್ನೋಕಾಗಲ್ಲ" ಅಂದಳು.

ಆ ವರ್ಷ ನೆಟ್ಟವನು ನಾನು. ಅವಳು ಹಿಂಬಾಗಿಲ ಬಳಿ ಕಬ್ಬಿಣದ ಮಡಚು ಕುರ್ಚಿಯಲ್ಲಿ ಕೂತು, ಇಲ್ಲಿ ಆಳ ಸಾಲದು, ಅಲ್ಲಿ ಮೊಳಕೆ ಕೆಳಮುಖ ಆಯ್ತು ಎಂದು ತಿದ್ದುತ್ತಿದ್ದಳು. ತಮಿಳು ಅಕ್ಕ ಕಾಂಪೌಂಡಿನ ಮೇಲಿಂದ ಕೇಳಿದಳು: "ತಿನ್ನೋ ಹಾಗಿಲ್ಲ ಅಂದ್ಮೇಲೆ ಯಾಕಮ್ಮ ಈ ಕಷ್ಟ?"

"ಮನೇಲಿ ತಿನ್ನೋರು ಇನ್ನೊಬ್ರು ಇದಾರಲ್ಲಕ್ಕ."

ಡಯಾಲಿಸಿಸ್ ಇದ್ದ ದಿನಗಳಲ್ಲಿ ನಾವು ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿರುತ್ತಿದ್ದೆವು. ಸೂಜಿ ಚುಚ್ಚಲೆಂದು ಅವಳ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಹೊಲಿದಿದ್ದ ಜಾಗಕ್ಕೆ ಬೆರಳಿಟ್ಟರೆ ಒಳಗೆ ಜೇನುಹುಳ ಗುಂಯ್‌ಗುಡುವಂತೆ ಕಂಪಿಸುತ್ತಿತ್ತು. ಆ ಕೈಗೆ ಭಾರ ಬೀಳಬಾರದು, ಕೊಳೆ ತಾಗಬಾರದು. ಮುಗಿಸಿ ಬಂದ ಸಂಜೆ ಅವಳು ಮಲಗಿಬಿಡುತ್ತಿದ್ದಳು. ಮರುದಿನ ಎದ್ದವಳೇ ಕುರ್ಚಿ ಹಾಕಿಸಿಕೊಂಡು ಗಿಡ ನೋಡುತ್ತಿದ್ದಳು.

ಹೂವು ಉದುರಿತು. ಬುಡದ ಎಲೆ ಹಳದಿಯಾಯಿತು. ಒಂದು ಭಾನುವಾರ ಬೆಳಿಗ್ಗೆ, "ಇವತ್ತು ಕೈ ಹಾಕಿ ನೋಡಿ" ಅಂದಳು. ನಾನು ಮಣ್ಣಿನೊಳಗೆ ತಡಕುತ್ತ, ಇದು ಅಡಿಕೆಯಷ್ಟಿದೆ, ಇದು ನಿಂಬೆಹಣ್ಣಿನಷ್ಟು ಎಂದು ವರದಿ ಒಪ್ಪಿಸುತ್ತಿದ್ದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡವಳು, "ನನ್ನನ್ನ ಹಿಡ್ಕೊಳ್ಳಿ, ಕೂತ್ಕೋತೀನಿ" ಅಂದಳು. ಹಿಂದಿನಿಂದ ಅವಳ ಸೊಂಟ ಬಳಸಿ ಹಿಡಿದೆ. ಎಡಗೈಯನ್ನು ಎದೆಗೊತ್ತಿಕೊಂಡು ಬಲಗೈಯನ್ನು ಮೊಣಕೈವರೆಗೆ ಮಣ್ಣಿಗಿಳಿಸಿದಳು. ಕಣ್ಣು ಮುಚ್ಚಿತ್ತು. ಅವಳು ಎಷ್ಟು ಹಗುರವಾಗಿದ್ದಾಳೆಂದು ನನಗೆ ತಿಳಿದದ್ದು ಆಗ. ಒಂದು ಗಡ್ಡೆ ಹೊರಗೆ ತಂದು, ಹೆಬ್ಬೆರಳಲ್ಲಿ ಉಜ್ಜಿ, ಸಿಪ್ಪೆ ಜಾರಿದ ಜಾಗವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದಳು.

ಮುಂದಿನ ಸಲ ಹೋದಾಗ ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿದೆ. ಅವರು ನಕ್ಕು, ಚಿಕ್ಕದೊಂದು ಪರವಾಗಿಲ್ಲ ಅಂದರು. ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ಅರ್ಧ ದಿನ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿ ಅದನ್ನೂ ಚೆಲ್ಲಬೇಕು. ಉಪ್ಪು ಹಾಕುವಂತಿಲ್ಲ. ಅವರು ಹೇಳಿದಂತೆಯೇ ಮಾಡಿದೆ. ಬಿಳಿಚಿಕೊಂಡ ನಾಲ್ಕಾರು ಬಿಲ್ಲೆಗಳನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಒಂದನ್ನು ಬಾಯಿಗಿಟ್ಟು, ಅಗಿದು, ಕಷ್ಟಪಟ್ಟು ನುಂಗಿದಳು.

"ಇದು ಆಲೂಗಡ್ಡೆ ಅಲ್ಲರೀ" ಅಂದಳು. ಬೇಸರದಿಂದಲ್ಲ, ಗುರುತು ಸಿಗದವರನ್ನು ನೋಡಿದಂತೆ. ತಟ್ಟೆ ಪಕ್ಕಕ್ಕಿಟ್ಟು, "ನೀವು ಸರಿಯಾಗಿ ಮಾಡ್ಕೊಂಡು ಬನ್ನಿ. ಬೆಣ್ಣೆ, ಒಗ್ಗರಣೆ ಎಲ್ಲ ಹಾಕಿ. ಇಲ್ಲೇ ಕೂತು ತಿನ್ನಿ" ಅಂದಳು.

"ನಿನ್ನ ಮುಂದೆ ಹೇಗೆ ತಿನ್ನಲೇ?"

"ನಾನು ಹೇಳ್ತಿದೀನಲ್ಲ."

ಮಾಡಿಕೊಂಡು ಬಂದು ಅವಳ ಎದುರು ಕೂತೆ. ಒಗ್ಗರಣೆಯ ಘಮಕ್ಕೆ ಅವಳು ಗೋಡೆಗೊರಗಿ ಕಣ್ಣು ಕಿರಿದು ಮಾಡಿದಳು. ಸಿಪ್ಪೆ ಬಿರಿದಿದೆಯಾ, ಒಳಗೆ ಮೇಣದ ಹಾಗಿದೆಯಾ ಹಿಟ್ಟಿನ ಹಾಗಿದೆಯಾ, ಸಿಹಿ ಇದೆಯಾ ಎಂದು ಒಂದೊಂದೇ ಕೇಳಿದಳು. ಒಂದೊಂದಕ್ಕೂ ಉತ್ತರ ಕೊಟ್ಟೆ. ಬಟ್ಟಲು ಖಾಲಿಯಾದ ಮೇಲೆ, "ಈ ಸಲ ಚೆನ್ನಾಗಿ ಬಂದಿದೆ ಅನ್ನಿ" ಅಂದಳು. ಹೌದು ಅಂದೆ. ನಿಜವಾಗಿಯೂ ಚೆನ್ನಾಗಿತ್ತು.

ಉಳಿದದ್ದು ಬಲಿಯಲಿ ಎಂದು ಬಿಟ್ಟೆವು. ಶಿವರಾತ್ರಿಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಅವಳಿಗೆ ಉಸಿರು ಕಟ್ಟತೊಡಗಿತು. ಜೀಪೊಂದರಲ್ಲಿ ಶಿವಮೊಗ್ಗಕ್ಕೆ ಒಯ್ದೆವು. ಅವರು ಮಾಡುವುದನ್ನೆಲ್ಲ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಎಡಗೈಯ ಮೇಲೆ ಬೆರಳಿಟ್ಟು ನೋಡಿದೆ. ಕಂಪನ ಇರಲಿಲ್ಲ.

ಕರ್ಮಾಂತರಗಳು ಮುಗಿದು ನೆಂಟರೆಲ್ಲ ಹೋದ ಮೇಲೂ ಅತ್ತೆ ಉಳಿದುಕೊಂಡರು. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಗುದ್ದಲಿಯ ಸದ್ದು ಕೇಳಿ ಎದ್ದು ಬಂದೆ. ಗಿಡಗಳು ಎಂದೋ ಒಣಗಿ ಮಣ್ಣಿಗೆ ಅಂಟಿಕೊಂಡಿದ್ದವು. ಅತ್ತೆ ಒಬ್ಬರೇ ಮೊದಲ ಸಾಲು ಅಗೆಯುತ್ತಿದ್ದರು.

"ಇನ್ನೂ ಬಿಟ್ರೆ ಇಲಿ ತಿನ್ನುತ್ತೆ, ಒಂದು ಮಳೆ ಬಿದ್ರೆ ಕೊಳೆಯುತ್ತೆ" ಅಂದರು, ನನ್ನ ಕಡೆ ನೋಡದೆ.

"ನನ್ನ ಕೈಲಾಗಲ್ಲ ಅತ್ತೆ."

"ನನ್ನ ಕೈಲೂ ಆಗಲ್ಲಪ್ಪ" ಅಂದು ಮತ್ತೆ ಗುದ್ದಲಿ ಎತ್ತಿದರು.

ವಯಸ್ಸಾದವರು ಹಾಗೆ ಅಗೆಯುವುದನ್ನು ನೋಡುತ್ತ ನಿಲ್ಲಲಾಗಲಿಲ್ಲ. ಗುದ್ದಲಿ ಇಸಿದುಕೊಂಡೆ. ನಾನು ಅಗೆದೆ, ಅವರು ಹಿಂದಿನಿಂದ ಮಣ್ಣು ಕೊಡವಿ ಗೋಣಿಯ ಮೇಲೆ ಹರವಿದರು. ಬಿಸಿಲಿಗೆ ಬಿಟ್ಟರೆ ಹಸಿರಾಗಿ ಕಹಿಯಾಗುತ್ತದೆಂದು ಮೇಲೆ ಇನ್ನೊಂದು ಗೋಣಿ ಮುಚ್ಚಿದರು. ಕಣ್ಣು ಮಂಜಾಗಿ ನನ್ನ ಪೆಟ್ಟು ಎಲ್ಲೆಲ್ಲೋ ಬೀಳುತ್ತಿತ್ತು. ಬಹಳಷ್ಟು ಗಡ್ಡೆಗೆ ಗಾಯವಾಯಿತು. ಅವರು ಅವನ್ನೂ ಆರಿಸಿ ಗೋಣಿಗೆ ಹಾಕಿದರು. ಕೊನೆಯ ಸಾಲು ಮುಗಿದಾಗ ಆ ಸಡಿಲ ಮಣ್ಣಿನಲ್ಲೇ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತೆ. ಅವಳು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಮರುದಿನ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಬಿತ್ತನೆಗೆಂದು ಒಂದಿಷ್ಟು ಕಟ್ಟಿಕೊಟ್ಟರೆ ತೆಗೆದುಕೊಳ್ಳಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ಬಾಗಿ, "ಗುದ್ದಲಿ ತಾಗಿದ್ದನ್ನ ಮೊದ್ಲು ಬೇಯಿಸ್ಕೊಳ್ಳಿ, ಅದು ತಡೆಯಲ್ಲ. ಹೊತ್ತಿಗೆ ಸರಿಯಾಗಿ ತಿನ್ನಿ" ಅಂದರು. ಆಗಲಿ ಎಂದು ತಲೆಯಾಡಿಸಿದೆ.

ಮನೆಗೆ ಬಂದು, ಗಾಯವಾದವನ್ನೆಲ್ಲ ಬೇರೆ ಮಾಡಿ ಬುಟ್ಟಿಗೆ ಹಾಕಿ, ಸ್ಟೌ ಹಚ್ಚಿದೆ.